ನೆಲ ಮುಟ್ಟದ ಹಿಮ್ಮಡಿ

ಪಾಪಿನಾಯಕನಹಳ್ಳಿ
4-4-2005

ಹುಸೇನಮ್ಮನಿಗೆ,

ಮೊದಲೇ ಹೇಳುತ್ತೇನೆ, ಈ ಕಾಗದ ನಾನಾಗಿ ಬರೆಯುತ್ತಿಲ್ಲ, ಬರೆಸುತ್ತಿದ್ದಾರೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಬರೆದದ್ದೆಂದರೆ ನನ್ನ ಖಾನಾವಳಿಯ ಗೋಡೆಯ ಮೇಲೆ ‘ಕೈ ತೊಳೆದ ನೀರು ಇಲ್ಲಿ ಚೆಲ್ಲಬಾರದು’ ಎಂಬುದೊಂದೇ. ಅದನ್ನೂ ಲಾರಿ ಡ್ರೈವರುಗಳು ಓದುವುದಿಲ್ಲ. ನೀನು ಏಳನೇ ಕ್ಲಾಸಿನವರೆಗೆ ಓದಿದವಳು, ಬರೆಯಬೇಕಾದವಳು ನೀನು. ಶಿವರಾತ್ರಿಯ ಮರುದಿನ ಗಂಡನ ಹಿಂದೆ ಕೂಸು ಎತ್ತಿಕೊಂಡು ಬಸ್ಸು ಹತ್ತಿದೆ, ಒಂದು ಕಾರ್ಡೂ ಹಾಕಲಿಲ್ಲ.

ಮೊನ್ನೆ ಹೊಸಪೇಟೆ ಆಸ್ಪತ್ರೆಯ ಸುನಿತಾ ಸಿಸ್ಟರ್ ಊಟಕ್ಕೆ ಬಂದಿದ್ದಳು. ತಟ್ಟೆ ಮುಟ್ಟುವ ಮೊದಲೇ ಶುರು ಮಾಡಿದಳು.

“ಆ ಏಳು ತಿಂಗಳಿಗೆ ಹುಟ್ಟಿದ ಕೂಸು ಎಲ್ಲೈತ್ರಿ ಜಂಬಮ್ಮಾರ? ತಿಂಗಳಿಗೊಮ್ಮೆ ತಂದು ತೋರಸ್ರಿ ಅಂದಿದ್ನಲ್ಲ.”

“ಮುದಗಲ್‌ಗೆ ಹೋಗ್ಯಾರವ್ವ. ಆಕಿ ಗಂಡನ ಮನಿಗೆ.”

“ಹಂಗಾರ ಕಾಗದ ಬರೀರಿ.”

“ನನಗ ಬರಿಯಾಕ ಬರಂಗಿಲ್ಲ.”

“ಬೈಯಾಕ ಬರತೈತಲ್ಲ, ಅದನ್ನ ಬರೀರಿ.”

ಅದಕ್ಕೇ ಬರೆಯುತ್ತಿದ್ದೇನೆ. ಹುಡುಗ ಹೇಗಿದ್ದಾನೆ? ಕತ್ತು ನಿಂತಿದೆಯೇ? ಕರೆದರೆ ತಿರುಗುತ್ತಾನೆಯೇ? ಮೊಲೆ ಎಳೆಯಲು ಬಲ ಬಂದಿದೆಯೇ, ಇಲ್ಲ ಈಗಲೂ ಎರಡು ಗುಟುಕಿಗೆ ದಣಿದು ಮಲಗುತ್ತಾನೆಯೇ? ಅವನ ವಯಸ್ಸನ್ನು ದೀಪಾವಳಿಯಿಂದ ಎಣಿಸಬಾರದಂತೆ. ಹುಟ್ಟಬೇಕಾಗಿದ್ದದ್ದು ಸಂಕ್ರಾಂತಿಗೆ, ಅಲ್ಲಿಂದ ಎಣಿಸಬೇಕಂತೆ. ಹಾಗೆಂದು ಸಿಸ್ಟರ್ ಹೇಳಿದಳು. ಓಣಿಯ ಬೇರೆ ಕೂಸುಗಳ ಜೊತೆ ಹೋಲಿಸಿ ಅಳುತ್ತ ಕೂರಬೇಡ.

ನೀನು ಬಾಡಿಗೆಗಿದ್ದ ಶೆಡ್ಡಿಗೆ ಬೀಗ ಹಾಕಿದ್ದೇನೆ. ಬೇರೆ ಯಾರಿಗೂ ಕೊಟ್ಟಿಲ್ಲ. ಬೆಟ್ಟದ ಮೇಲೆ ಅದಿರು ಒಡೆಯಲು ನಿನ್ನನ್ನು ಮತ್ತೆ ಬಿಡುವುದಿಲ್ಲ, ಇಲ್ಲೇ ರೊಟ್ಟಿ ಬಡಿಯುವೆಯಂತೆ. ನಮ್ಮ ಹೊಲಕ್ಕೆ ಹೋಗಿದ್ದೆ. ಬೇವಿನ ಬುಡದಲ್ಲಿ ಚಿಕ್ಕದಕ್ಕೆ ಇಟ್ಟ ಕಲ್ಲು ನೆಟ್ಟಗೇ ಇದೆ. ಹಾಲು ಹಾಕಿ ಬಂದೆ. ಹುಟ್ಟಿದ ಜೋಡಿ ಕೂಸುಗಳನ್ನು ಎದೆಯ ಬಿಸಿಯಲ್ಲಿಡಿ ಎಂದು ಸಿಸ್ಟರ್ ಸೀರೆಯಿಂದ ಕಟ್ಟಿದ್ದಳಲ್ಲ, ಗಂಡು ನಿನ್ನ ಎದೆಗೆ, ಹೆಣ್ಣು ನನ್ನ ಎದೆಗೆ. ನಿನ್ನದು ಉಳಿಯಿತು. ನನ್ನದು ಉಳಿಯಲಿಲ್ಲ.

ಉತ್ತರ ಬರೆ.

ಜಂಬಮ್ಮ


ಮುದಗಲ್
28-4-2005

ಅವ್ವನವರ ಪಾದಕ್ಕೆ ಹುಸೇನಮ್ಮ ಮಾಡುವ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಒಲೆಯ ಮುಂದೆ ಕುಳಿತು ಬೈದ ಹಾಗೇ ಇತ್ತು. ಕಾರ್ಡು ಹಾಕದಿದ್ದದ್ದು ತಪ್ಪಾಯಿತು. ಇಲ್ಲಿ ಬಂದ ಮೇಲೆ ಕೈ ಬಿಡುವಾಗಲಿಲ್ಲ.

ಕೂಸು ಚೆನ್ನಾಗಿದ್ದಾನೆ. ಕತ್ತು ನಿಲ್ಲುತ್ತಿದೆ. ಕರೆದರೆ ನಗುತ್ತಾನೆ, ಅದೂ ಒಂದೇ ಕೆನ್ನೆಯಲ್ಲಿ. ಈಗ ಮೊಲೆ ಎಳೆಯುವುದನ್ನು ನೋಡಿದರೆ ನೀವು ನಂಬುವುದಿಲ್ಲ. ನನಗೆ ಹಾಲು ಬೇಕಾದಷ್ಟಿದೆ. ನೀವು ತಿನ್ನಿಸಿದ ಸಬ್ಬಸಿಗೆ ಪಲ್ಯದ ಪುಣ್ಯ ಎಂದು ಇಲ್ಲಿ ಎಲ್ಲರಿಗೂ ಹೇಳುತ್ತೇನೆ.

ಹೆಸರಿಟ್ಟೆವು. ಜಂಬಣ್ಣ. ಬೆಟ್ಟದ ಜಂಬುನಾಥನ ಹೆಸರು ಎಂದು ಅತ್ತೆಗೆ ಹೇಳಿದ್ದೇನೆ. ಯಾರ ಹೆಸರೆಂದು ನಿಮಗೆ ಗೊತ್ತು.

ಅತ್ತೆ ಎರ್ರಮ್ಮ ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಇವರು ಗೋವಾದ ಗಣಿಗೆ ಹೋಗಿದ್ದಾರೆ. ಅಲ್ಲಿ ಮಳೆ ಹಿಡಿದರೆ ಕೆಲಸ ನಿಲ್ಲುತ್ತದೆ, ಆಗ ಬಂದು ನಮ್ಮನ್ನು ಹೊಸಪೇಟೆಗೆ ಕರೆತರುತ್ತೇನೆ ಎಂದಿದ್ದಾರೆ.

ಒಂದೇ ಒಂದು ಬೇಡಿಕೆ, ಅವ್ವಾ. ಅಮಾವಾಸ್ಯೆಗೆ ಬೇವಿನ ಬುಡದಲ್ಲಿ ಒಂದಿಷ್ಟು ಹಾಲು ಹಾಕುವುದನ್ನು ಬಿಡಬೇಡಿ. ನನಗೆ ಇಲ್ಲಿ ಅದರ ಹೆಸರೆತ್ತಲು ಜಾಗವಿಲ್ಲ. ಅಲ್ಲಿ ಅದರ ಕಲ್ಲಿಗೆ ನೆರಳಿದೆ, ನೀವಿದ್ದೀರಿ ಎಂದುಕೊಂಡು ಮಲಗುತ್ತೇನೆ.

ನಿಮ್ಮ ಹುಸೇನಿ


ಪಾಪಿನಾಯಕನಹಳ್ಳಿ
20-5-2005

ಹುಸೇನಿ,

ಯಾರನ್ನು ಕೇಳಿ ನನ್ನ ಹೆಸರಿಟ್ಟೆ? ಕೂಸಿಗೆ ನನ್ನ ಸಿಟ್ಟೂ ಬಂದರೆ ನಿನ್ನ ಅತ್ತೆ ಮನೆ ಬಿಟ್ಟು ಓಡುತ್ತಾಳೆ. ಆಗ ನನ್ನ ಮೇಲೆ ಹೊರಿಸಬೇಡ.

ನಿನ್ನ ಕಾಗದವನ್ನು ಸಿಸ್ಟರಿಗೆ ಓದಿ ಹೇಳಿದೆ. ಕತ್ತು ನಿಂತದ್ದು ಒಳ್ಳೆಯದಾಯಿತು ಎಂದಳು. ಮಗ್ಗಲು ಹೊರಳುತ್ತಾನೋ, ಎರಡೂ ಕೈ ಬಿಚ್ಚಿ ಆಟದ ಸಾಮಾನು ಹಿಡಿಯುತ್ತಾನೋ ನೋಡಬೇಕಂತೆ. ನೋಡಿ ಬರೆ. ಮಳೆಗಾಲಕ್ಕೆ ಕಾಯಬೇಡ, ಒಂದು ಸಲ ಕರೆದುಕೊಂಡು ಬಾ.

ಹಾಲು ಹಾಕಿದ್ದೇನೆ. ಅಮಾವಾಸ್ಯೆಗೆ ತಪ್ಪದೆ ಹಾಕುತ್ತೇನೆ. ಕಾಗದ ಬರೆದಾಗಲೆಲ್ಲ ಅದನ್ನೇ ಕೇಳಬೇಡ.

ಇಲ್ಲಿ ಧೂಳು ಹೆಚ್ಚಾಗಿದೆ. ರೋಡಿನಲ್ಲಿ ಲಾರಿಗಳು ಇರುವೆ ಸಾಲಿನಂತೆ ನಿಂತಿರುತ್ತವೆ, ಈ ದಡದಿಂದ ಆ ದಡಕ್ಕೆ ದಾಟುವುದರೊಳಗೆ ಸಾರು ಆರುತ್ತದೆ. ಬಸವಕುಮಾರ್ ಈ ವರ್ಷ ಶೇಂಗಾ ಹಾಕುವುದಿಲ್ಲವಂತೆ. ಅವನ ಮಾತು ನನಗೆ ಬೇಡ. ಹೊಟ್ಟೆಯಲ್ಲಿ ಹುಟ್ಟಿದ ಮಗ ಎಂಬುದಕ್ಕೆ ಒಂದೇ ಮನೆಯಲ್ಲಿದ್ದೇವೆ.

ನಿನ್ನ ಮೈದುನ ಓಬಳಪ್ಪ ಈಗ ಅದಿರು ಲಾರಿಗೆ ಕ್ಲೀನರ್ ಆಗಿದ್ದಾನೆ. ವಾರಕ್ಕೊಮ್ಮೆ ಊಟಕ್ಕೆ ಬರುತ್ತಾನೆ. ಏನಾದರೂ ಕಳಿಸುವುದಿದ್ದರೆ ಅವನ ಕೈಯಲ್ಲಿ ಕಳಿಸು.

ಜಂಬಮ್ಮ


ಮುದಗಲ್
3-7-2005

ಅವ್ವಾ,

ಎಲ್ಲಕ್ಕಿಂತ ಮೊದಲು ಇದನ್ನು ಬರೆಯುತ್ತೇನೆ. ನಿಮ್ಮ ಜಂಬಣ್ಣ ನಿಂತ.

ಮೊನ್ನೆ ಅತ್ತೆ ಎಣ್ಣೆ ಹಚ್ಚಿ, ನೀರು ಹಾಕಿ, ಕಂಕುಳಲ್ಲಿ ಹಿಡಿದು ನೆಲಕ್ಕೆ ಪಾದ ತಾಗಿಸಿದರು. ತಾಗಿಸಿದ್ದೇ ತಡ, ಎರಡೂ ಕಾಲು ಗಟ್ಟಿಯಾಗಿ ನೆಟ್ಟಗೆ ನಿಂತುಬಿಟ್ಟವು. ಮೊಣಕಾಲು ಬಾಗಲೇ ಇಲ್ಲ. ತುದಿಗಾಲ ಮೇಲೆ ಕುಣಿಯುವವನ ಹಾಗೆ ನಿಂತಿದ್ದ. ಅತ್ತೆ ಕೂಗಿದ ಕೂಗಿಗೆ ಓಣಿಯೆಲ್ಲ ಬಂತು. “ಏಳು ತಿಂಗಳಿಗೆ ಹುಟ್ಟಿದ್ದು ನೋಡ್ರಿ! ಒಂಬತ್ತು ತುಂಬಿ ಹುಟ್ಟಿದವು ಇನ್ನಾ ಹೊರಳಾಕತ್ತ್ಯಾವ” ಎಂದರು. ಆ ದಿನ ಮೊದಲ ಸಲ ಅವರು ನನ್ನ ತಲೆಗೂ ಎಣ್ಣೆ ಹಚ್ಚಿದರು.

ಕೂರಿಸಿದರೆ ಮಾತ್ರ ಅವನಿಗೆ ಹಿಡಿಸುವುದಿಲ್ಲ, ಬೆನ್ನು ಬಿಲ್ಲಿನಂತೆ ಮಾಡಿ ಹಿಂದಕ್ಕೆ ಎಗರುತ್ತಾನೆ. ನಿಲ್ಲುವುದೇ ಬೇಕು ಅವನಿಗೆ. ತೊಳೆಯುವಾಗ ತೊಡೆ ಬಿಡಿಸಲು ನನ್ನ ಎರಡೂ ಕೈ ಸಾಲುವುದಿಲ್ಲ, ಅಷ್ಟು ಶಕ್ತಿ. ಅಪ್ಪನ ಹಾಗೆ ಆಗುತ್ತಾನೆ ಎನ್ನುತ್ತಾರೆ.

ಮುಂದಿನ ಮೊಹರಮ್‌ಗೆ ಹುಡುಗನನ್ನು ಅಲಾಯಿ ದೇವರ ಮುಂದೆ ಅವನ ಕಾಲ ಮೇಲೆ ನಿಲ್ಲಿಸುತ್ತೇನೆ, ಸಕ್ಕರೆ ಓದಿಸಿ ಹಂಚುತ್ತೇನೆ ಎಂದು ಅತ್ತೆ ಹರಕೆ ಹೊತ್ತಿದ್ದಾರೆ. ಅದಕ್ಕೆಂದು ದಿನಾ ಬೆಳಿಗ್ಗೆ ಸಂಜೆ ನಿಲ್ಲಿಸುತ್ತಾರೆ. ಊರಿಗೆ ಊರೇ ನೋಡಬೇಕಂತೆ.

ಆಷಾಢದ ಅಮಾವಾಸ್ಯೆ ಮರೆಯಬೇಡಿ. ಕಲ್ಲಿನ ಸುತ್ತ ಹುಲ್ಲು ಬಂದಿರಬಹುದು, ಒಂದಿಷ್ಟು ಕಿತ್ತುಹಾಕಿ.

ಹುಸೇನಿ


ಪಾಪಿನಾಯಕನಹಳ್ಳಿ
15-7-2005

ಲೇ ಹುಸೇನಿ,

ನಿನ್ನ ಕಾಗದ ಬಂದ ದಿನ ಖಾನಾವಳಿಯಲ್ಲಿ ಇದ್ದವರಿಗೆಲ್ಲ ಒಗ್ಗರಣೆ ಮಂಡಕ್ಕಿ ಪುಕ್ಕಟೆ ಕೊಟ್ಟೆ. ಆಂಧ್ರದ ಡ್ರೈವರೊಬ್ಬ “ಏನವ್ವಾ, ಮೊಮ್ಮಗ ಹುಟ್ಟಿದನಾ?” ಎಂದ. “ಹುಟ್ಟಿದ್ದು ಹಳೇದಾತು. ಈಗ ನಿಂತಾನ” ಎಂದೆ. ನನ್ನ ಜನ್ಮದಲ್ಲಿ ಅಷ್ಟು ಮಾತಾಡಿಲ್ಲ. ಬೆಟ್ಟದ ಕಬ್ಬಿಣದ ಧೂಳು ಕುಡಿದ ಹೊಟ್ಟೆಯಿಂದ ಬಂದವನು, ಕಾಲು ಕಬ್ಬಿಣವಲ್ಲದೆ ಇನ್ನೇನಾಗುತ್ತದೆ!

ಹುಟ್ಟಿದಾಗ ಅಂಗೈಯಲ್ಲಿ ಹಿಡಿದರೆ ಮೊಳಕೈವರೆಗೂ ಬರುತ್ತಿರಲಿಲ್ಲ, ಕಿವಿ ಹಸಿ ಎಲೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಅವನು ನಿಂತನೇ?

ಬಡಗಿಗೆ ಹೇಳಿ ಮೂರು ಗಾಲಿಯ ಬಂಡಿ ಮಾಡಿಸಿದ್ದೇನೆ. ಬೇವಿನ ಕಟ್ಟಿಗೆ, ಚೆನ್ನಾಗಿ ಉಜ್ಜಿಸಿದ್ದೇನೆ, ಸಿಬಿರು ಚುಚ್ಚುವುದಿಲ್ಲ. ಓಬಳಪ್ಪನ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಹಿಡಿಕೆ ಹಿಡಿಸಿ ನಿಲ್ಲಿಸು, ತಾನೇ ನೂಕುತ್ತಾನೆ.

ಹುಲ್ಲು ಇಲ್ಲ. ಎಲ್ಲ ಸ್ವಚ್ಛ ಇದೆ.

ಜಂಬಮ್ಮ


ಪಾಪಿನಾಯಕನಹಳ್ಳಿ
22-9-2005

ಹುಸೇನಮ್ಮನಿಗೆ,

ಈ ಕಾಗದವನ್ನು ಕುಳಿತು ಓದು. ಓದುವಾಗ ನಿನ್ನ ಅತ್ತೆ ಪಕ್ಕದಲ್ಲಿ ಇರಬಾರದು.

ಮೊಣಕಾಲ ನೋವಿಗೆ ಆಸ್ಪತ್ರೆಗೆ ಹೋಗಿದ್ದೆ. ಸುನಿತಾ ಸಿಸ್ಟರ್ ಸಿಕ್ಕಳು. ಇಷ್ಟು ದಿನ ಎಲ್ಲೋ ಟ್ರೇನಿಂಗಿಗೆ ಹೋಗಿದ್ದಳಂತೆ. ಜುಲೈನ ನಿನ್ನ ಕಾಗದ ಚೀಲದಲ್ಲೇ ಇತ್ತು, ಎಲ್ಲರಿಗೂ ತೋರಿಸುತ್ತ ತಿರುಗುತ್ತಿದ್ದೆನಲ್ಲ. ಅವಳಿಗೂ ಕೊಟ್ಟೆ. ಓದುತ್ತ ಓದುತ್ತ ಅವಳ ನಗು ಹೋಯಿತು.

“ಹಿಮ್ಮಡಿ ನೆಲಕ್ಕ ಹತ್ತತೈತೇನ್ರಿ?”

“ನಿಂತಾನ ಅಂದಮ್ಯಾಲೆ ಹತ್ತದಂಗ ಇರತೈತೇನು?”

“ತುದಿಗಾಲ ಮ್ಯಾಲೆ ಅಂತ ಬರದಾಳ. ತೊಡಿ ಬಿಡಸಾಕ ಬರವಲ್ದು ಅಂತಾನೂ ಬರದಾಳ.”

“ಕೂಸು ಕುಣೀಲಾರದ ನೀ ಕುಣೀತೀಯೇನು?” ಎಂದು ಗದರಿದೆ. ಯಾವಾಗಲೂ ಮಾತಿಗೆ ಮಾತು ಕೊಡುವವಳು ಕಾಗದ ಮಡಚಿ ನನ್ನ ಕೈ ಹಿಡಿದಳು.

ಗುರುವಾರ ಗುರುವಾರ ಮಕ್ಕಳ ಕೈಕಾಲು ತಿದ್ದುವ ಡಾಕ್ಟರು ಬರುತ್ತಾಳೆ. ಅರ್ಚಿತಾ ಎಂದು, ಸಣ್ಣ ಹುಡುಗಿ. ಅವಳ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಚಾಪೆಯ ಮೇಲೆ ಮೂರು ವರ್ಷದ ಒಬ್ಬ ಹುಡುಗನಿದ್ದ. ಬಂಡ್ರಿ ಕಡೆಯ ಗಣಿಗೆ ದುಡಿಯಲು ಬಂದವರ ಮಗ, ಅವನೂ ದಿನ ತುಂಬದೆ ಹುಟ್ಟಿದವನು. ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು. ಡಾಕ್ಟರು ಅವನ ಪಾದ ನನ್ನ ಕೈಗೆ ಕೊಟ್ಟಳು. ಮೇಲಕ್ಕೆ ಮಡಚಲು ನೋಡಿದೆ. ರೊಟ್ಟಿ ಬಡಿದ ಕೈ ನನ್ನದು, ಬಲ ಕಡಿಮೆಯಿಲ್ಲ. ಬರಲಿಲ್ಲ.

“ಇದು ಶಕ್ತಿ ಅಲ್ರಿ ಅಜ್ಜಿ, ಬಿಗಿ. ಎಳೇ ಮೆದುಳಿಗೆ ಪೆಟ್ಟಾಗಿರತೈತಿ. ಕಾಲಿಗೆ ಸಡಿಲ ಬಿಡು ಅಂತ ಹೇಳೋದು ಅದಕ್ಕ ಬರಂಗಿಲ್ಲ” ಎಂದಳು.

ಆ ಹುಡುಗನ ತಾಯಿ ಮೂಲೆಯಲ್ಲಿ ಕುಳಿತಿದ್ದಳು. ನನ್ನ ಮುಖ ನೋಡಿ ಕೇಳದೆಯೇ ಹೇಳಿದಳು: “ನಮ್ಮವನೂ ವರ್ಷದೊಳಗ ನಿಂತಿದ್ನವ್ವ. ಪೇಡೆ ಹಂಚಿದ್ವಿ.”

ನಾನು ಮಂಡಕ್ಕಿ ಹಂಚಿದ್ದೆ.

ಜಂಬಣ್ಣನಿಗೂ ಇದೇ ಆಗಿದೆ ಎಂದು ಡಾಕ್ಟರು ಹೇಳಿಲ್ಲ. ನೋಡದೆ ಹೇಳಲು ಬರುವುದಿಲ್ಲ, ನೋಡಲೇಬೇಕು, ಬೇಗ ನೋಡಬೇಕು ಎಂದಳು. ಬರುವತನಕ ಅವನನ್ನು ನಿಲ್ಲಿಸಬಾರದು. ಸೊಂಟದ ಮೇಲೆ ಕುದುರೆ ಹತ್ತಿದ ಹಾಗೆ ಕಾಲು ಅಗಲಿಸಿ ಕೂರಿಸಿ ಎತ್ತಿಕೊಂಡು ತಿರುಗು. ಕಾಲು ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತಬೇಡ. ನಾನು ಕಳಿಸಿದ ಬಂಡಿಯನ್ನು ಒಲೆಗೆ ಹಾಕು.

ಮುಂದಿನ ಗುರುವಾರವೇ ಬಾ.

ಜಂಬಮ್ಮ


ಮುದಗಲ್
18-10-2005

ಅವ್ವಾ,

ಉತ್ತರ ತಡವಾಯಿತು. ಏನು ಬರೆಯಬೇಕೆಂದು ತಿಳಿಯಲಿಲ್ಲ.

ನೀವು ನೋಡಿದ್ದು ಬೇರೆ ಹುಡುಗನನ್ನು. ನಮ್ಮವನು ನಗುತ್ತಾನೆ, ಹೆಸರು ಹಿಡಿದು ಕರೆದರೆ ತಿರುಗುತ್ತಾನೆ, ಅಜ್ಜಿಯ ಮೂಗುತಿ ಎಳೆಯುತ್ತಾನೆ. ಎಡಗೈಯಲ್ಲೇ ಎಳೆಯುತ್ತಾನೆ. ಬಲಗೈ ಯಾವಾಗಲೂ ಮುಷ್ಟಿ. ಎಡಚ ಇರಬೇಕು ಎಂದು ಅತ್ತೆ ಹೇಳುತ್ತಾರೆ. ಇನ್ನೂ ಕೂರುವುದಿಲ್ಲ, ಆದರೆ ನಿಲ್ಲುವವನಿಗೆ ಕೂರುವುದು ಯಾಕೆ?

ಒಂದು ಮಾತು ನಿಮಗೆ ಇಷ್ಟು ದಿನ ಬರೆಯಲಿಲ್ಲ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಅತ್ತೆ ಬಾಗಿಲಲ್ಲೇ ಅಂದಿದ್ದರು: “ಜೋಡಿ ಹಡದು ಒಂದನ್ನ ಮಣ್ಣಾಗಿಟ್ಟು ಬಂದಾಳ, ಇನ್ನೊಂದನ್ನ ಇಲ್ಲಿಡಾಕ ತಂದಾಳ.” ನನ್ನ ತಟ್ಟೆ ಬೇರೆ ಇತ್ತು. ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೂ ನನ್ನನ್ನು ಕರೆಯುತ್ತಿರಲಿಲ್ಲ. ಹುಡುಗ ನಿಂತ ದಿನದಿಂದ ಎಲ್ಲರ ಜೊತೆ ಊಟಕ್ಕೆ ಕೂರುತ್ತೇನೆ. ಬಸುರಿಯರು ಬಂದು ನನ್ನ ಕೈಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುತ್ತಾರೆ. ಈಗ ನಾನು ಅತ್ತೆಯ ಮುಂದೆ ನಿಂತು, ಅದು ನಿಂತದ್ದಲ್ಲ, ರೋಗ ಎಂದು ಹೇಳಬೇಕೇ? ಮಳೆಗಾಲಕ್ಕೆ ಬರುತ್ತೇನೆಂದ ಇವರೂ ಗೋವಾದಿಂದ ಬರಲಿಲ್ಲ. ಯಾವ ಬಾಯಿಂದ ಹೇಳಲಿ?

ಫೆಬ್ರವರಿಯಲ್ಲಿ ಮೊಹರಮ್ ಆಗಲಿ. ಅವನು ದೇವರ ಮುಂದೆ ನಿಂತು ಬರಲಿ. ಆಮೇಲೆ ನೀವು ಹೇಳಿದ ಗುರುವಾರ ಬರುತ್ತೇನೆ. ಆಣೆ ಮಾಡುತ್ತೇನೆ. ಬಂಡಿಯನ್ನು ಒಲೆಗೆ ಹಾಕಲು ಮನಸ್ಸು ಬರಲಿಲ್ಲ, ನೀವು ಕಳಿಸಿದ್ದು.

ದೀಪಾವಳಿಗೆ ಚಿಕ್ಕದಕ್ಕೆ ವರ್ಷ ತುಂಬುತ್ತದೆ. ಅಮಾವಾಸ್ಯೆಯ ದಿನ ಓಬಳಪ್ಪ ಹಾಲು, ಒಂದು ಹಸಿರು ಬಳೆ ತೆಗೆದುಕೊಂಡು ಬರುತ್ತಾನೆ. ಬೇವಿನ ಮರ ಯಾವುದೆಂದು ತೋರಿಸಿ.

ಹುಸೇನಿ


ಪಾಪಿನಾಯಕನಹಳ್ಳಿ
25-10-2005

ಹುಸೇನಿ,

ಹೆಚ್ಚು ಬರೆಯುವುದಿಲ್ಲ. ಬಲಗೈ ಮುಷ್ಟಿ ಎಂದು ಸಿಸ್ಟರಿಗೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಮೊಹರಮ್ ತನಕ ಕಾಯಬೇಡ. ಪಕ್ಕದ ಮನೆಯ ಬಸುರಿಯ ಕುಂಕುಮಕ್ಕೆ ನಿನ್ನ ಮಗನ ಕಾಲು ಕೊಡುತ್ತೀಯಾ? ಬುದ್ಧಿ ಇದೆಯೇ ನಿನಗೆ?

ಓಬಳಪ್ಪನನ್ನು ಕಳಿಸಬೇಡ. ಹಬ್ಬದ ದಿನ ಲಾರಿ ಸಿಗುವುದಿಲ್ಲ, ಹುಡುಗನಿಗೆ ಯಾಕೆ ತೊಂದರೆ. ಹಾಲು, ಬಳೆ ಎಲ್ಲ ನಾನೇ ನೋಡಿಕೊಳ್ಳುತ್ತೇನೆ.

ಜಂಬಮ್ಮ


ಮುದಗಲ್
19-11-2005

ಜಂಬಮ್ಮನವರಿಗೆ,

ನಿಮ್ಮ ಕಾಗದ ಬರುವ ಮೊದಲೇ ಓಬಳಪ್ಪ ಹೊರಟಿದ್ದ. ನೀವು ಆ ದಿನ ಖಾನಾವಳಿಯಲ್ಲಿ ಇರಲಿಲ್ಲವಂತೆ. ಅವನೇ ಕೇಳಿಕೊಂಡು ಹೊಲಕ್ಕೆ ಹೋದ. ಹೊಲ ಇರಲಿಲ್ಲ. ಬದು ಇರಲಿಲ್ಲ. ಬೇವಿನ ಮರ ಇರಲಿಲ್ಲ. ಸುತ್ತ ತಗಡು ಹೊಡೆದ ಸ್ಟಾಕ್ ಯಾರ್ಡಿತ್ತಂತೆ, ಒಳಗೆ ಮನೆಯೆತ್ತರ ಅದಿರಿನ ಗುಡ್ಡೆ. ಕಾವಲಿನವನನ್ನು ಕೇಳಿದರೆ ಯುಗಾದಿ ಆದ ವಾರಕ್ಕೇ ಬಸವಕುಮಾರ್ ಜಾಗ ಬಾಡಿಗೆಗೆ ಕೊಟ್ಟರು ಎಂದನಂತೆ. ಓಬಳಪ್ಪ ಹಾಲಿನ ಬಾಟಲಿ, ಬಳೆ ಹಾಗೇ ವಾಪಸ್ಸು ತಂದ. ಹಾಲು ಒಡೆದಿತ್ತು.

ಯುಗಾದಿಯಿಂದ ನೀವು ನನಗೆ ಏನೇನು ಬರೆದಿರಿ? ಹುಲ್ಲು ಇಲ್ಲ, ಎಲ್ಲ ಸ್ವಚ್ಛ ಇದೆ ಎಂದು ಬರೆದಿರಿ. ಅದು ನಿಮ್ಮ ಎದೆಯ ಮೇಲೆ ಉಸಿರು ಬಿಟ್ಟ ಕೂಸು. ನನ್ನ ಹತ್ತಿರ ಅದರದ್ದೆಂದು ಇದ್ದದ್ದು ಆ ನೆರಳು ಒಂದೇ. ಅದರ ಮೇಲೆ ಅದಿರು ಸುರಿದರು, ನೀವು ನನಗೆ ಹೇಳಲಿಲ್ಲ. ಅದಿರು ಒಡೆಯುತ್ತಲೇ ನನಗೆ ನೋವು ಬಂತು. ಈಗ ಅದೇ ಅದಿರಿನ ಕೆಳಗೆ ಅವಳಿದ್ದಾಳೆ.

ಸತ್ತ ಮಗಳ ಬಗ್ಗೆ ಸುಳ್ಳು ಬರೆದವರು ಬದುಕಿರುವ ಮಗನ ಬಗ್ಗೆ ನಿಜ ಬರೆಯುತ್ತಾರೆಂದು ಹೇಗೆ ನಂಬಲಿ? ನಿಮ್ಮ ಮಾತು ಕೇಳಿ ಒಂದಿಷ್ಟು ದಿನ ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ಅತ್ತೆ ನಿಲ್ಲಿಸುತ್ತಾರೆ. ಈಚೆಗೆ ಬಂಡಿಗೆ ಹಿಡಿಸಿದರೆ ಅಳುತ್ತಾನೆ, ಹಠ ಕಲಿತಿದ್ದಾನೆ ಎನ್ನುತ್ತಾರೆ.

ಇನ್ನು ನೀವು ಬರೆಯುವುದು ಬೇಡ.

ಹುಸೇನಮ್ಮ


ಪಾಪಿನಾಯಕನಹಳ್ಳಿ
29-11-2005

ಹುಸೇನಿ,

ಬರೆಯಬೇಡ ಎಂದು ಹೇಳಿದೆ ನೀನು. ಸಿಸ್ಟರ್ ಬರೆ ಎಂದಾಗಲೇ ನನಗೆ ಸಿಟ್ಟು ಬಂದಿತ್ತು, ಬೇಡ ಎಂದಾಗ ಬಿಡುತ್ತೇನೆಯೇ?

ನಿನ್ನ ಮೈದುನ ಕಳೆದ ವಾರ ಬಂದ. ಊಟಕ್ಕೆ ಕೂರಲಿಲ್ಲ. ಬಾಗಿಲಲ್ಲೇ ನಿಂತು, ಇದ್ದ ಡ್ರೈವರುಗಳೆಲ್ಲ ಕೇಳುವ ಹಾಗೆ, “ಕೂಸಿನ ಮ್ಯಾಲೆ ಅದಿರು ಸುರುವಿದ್ರಲ್ಲವ್ವ, ನಿಮಗ ಅನ್ನ ಹೆಂಗ ಇಳೀತೈತಿ?” ಎಂದ. ಅವನು ಅಂದದ್ದರಲ್ಲಿ ತಪ್ಪಿರಲಿಲ್ಲ.

ಆದದ್ದನ್ನು ಹೇಳುತ್ತೇನೆ. ಬಸವಕುಮಾರ್ ನನಗೆ ತಿಳಿಸದೆ ಹೊಲ ಕೊಟ್ಟ. ಮಷಿನ್ನಿನ ಸದ್ದು ಕೇಳಿ ನಾನು ಓಡಿದಾಗ ಮರ ಮಲಗಿತ್ತು. ಆ ಮೂಲೆಯೊಂದನ್ನು ಬಿಡಿಸು ಎಂದು ಮಗನ ಕೈ ಹಿಡಿದೆ. “ಲಾರಿ ತಿರುಗಾಕ ಆ ಮೂಲೀನ ಬೇಕವ್ವ” ಎಂದ. ಆ ದಿನದಿಂದ ಅವನಿಗೆ ನಾನು ಬಡಿಸಿಲ್ಲ. ಆ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ನಿನ್ನ ಶೆಡ್ಡಿನ ಹಿಂದೆ, ನೀನು ಬಟ್ಟೆ ಒಗೆಯುತ್ತಿದ್ದ ಜಾಗದಲ್ಲಿ ಇಟ್ಟಿದ್ದೇನೆ. ಕೂಸು ಅಲ್ಲೇ ಉಳಿಯಿತು. ತರಲು ನನ್ನಿಂದಾಗಲಿಲ್ಲ. ಒಂದೊಂದು ಅಮಾವಾಸ್ಯೆಗೂ ಆ ಕಲ್ಲಿಗೆ ಹಾಲು ಹಾಕಿದ್ದೇನೆ. ಓಬಳಪ್ಪ ಬಂದ ದಿನ ನಾನು ಖಾನಾವಳಿಯಲ್ಲಿರಲಿಲ್ಲ, ಅಲ್ಲಿ ಕುಳಿತಿದ್ದೆ. ಹಾಲು ಹಾಕಿದ್ದು ಸುಳ್ಳಲ್ಲ. ಜಾಗ ಹೋದದ್ದನ್ನು ಮುಚ್ಚಿಟ್ಟದ್ದು, ಸ್ವಚ್ಛ ಇದೆ ಎಂದದ್ದು ಸುಳ್ಳು.

ಯಾಕೆ ಹೇಳಲಿಲ್ಲ ಎಂದರೆ, ಏಪ್ರಿಲ್‌ನಲ್ಲಿ ‘ನನಗೆ ಹಾಲು ಬೇಕಾದಷ್ಟಿದೆ’ ಎಂದು ನೀನು ಬರೆದಿದ್ದೆ. ಈ ಸುದ್ದಿ ಕೇಳಿದ್ದರೆ ನಿನ್ನ ಎದೆ ಬತ್ತುತ್ತಿತ್ತು. ಹೋದದ್ದಕ್ಕೆ ಅಳುತ್ತ ಇದ್ದದ್ದಕ್ಕೆ ಏನು ಕುಡಿಸುತ್ತಿದ್ದೆ? ಆಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ನಾಲಿಗೆ ಬರಲಿಲ್ಲ. ಇಷ್ಟೇ. ಕ್ಷಮಿಸು ಎಂದು ಕೇಳುತ್ತಿಲ್ಲ. ಬಂದಾಗ ಆ ಕಲ್ಲಿನ ಮುಂದೆ ನಿಲ್ಲಿಸಿ ಬೈ, ಕೇಳಿಸಿಕೊಳ್ಳುತ್ತೇನೆ.

ಆದರೆ ನನ್ನ ಮೇಲಿನ ಸಿಟ್ಟನ್ನು ಅವನ ಕಾಲಿನ ಮೇಲೆ ತೀರಿಸಬೇಡ.

ನನ್ನನ್ನು ನಂಬಬೇಡ. ಇವತ್ತು ಅವನು ಹೊಟ್ಟೆ ತುಂಬಿ ನಗುತ್ತಿರುವಾಗ ಮಡಿಲಲ್ಲಿ ಮಲಗಿಸಿಕೋ. ಪಾದ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಮಡಚು. ಆಮೇಲೆ ಪಕ್ಕದ ಮನೆಯ ಕೂಸಿನ ಪಾದವನ್ನೂ ಹಾಗೇ ಮಡಚಿ ನೋಡು. ನಿನ್ನ ಅತ್ತೆ ನಿಲ್ಲಿಸಿದಾಗ ಅವನ ಮುಖ ನೋಡುತ್ತೀಯ, ಹಿಮ್ಮಡಿ ನೋಡು. ಅದರ ಕೆಳಗೆ ನಿನ್ನ ಬೆರಳು ಹೋಗುತ್ತದೆಯೇ ಎಂದು ನೋಡು. ನೀನು ತಾಯಿ. ಜುಲೈ ತಿಂಗಳ ಕಾಗದದಲ್ಲೇ ಎಲ್ಲವನ್ನೂ ಬರೆದಿದ್ದೆ. ತುದಿಗಾಲು, ಹಿಂದಕ್ಕೆ ಎಗರುವುದು, ಬಿಡಿಸಲು ಬಾರದ ತೊಡೆ. ನಿನ್ನ ಕಣ್ಣು ಎಲ್ಲವನ್ನೂ ನೋಡಿತ್ತು. ಅದನ್ನು ಶಕ್ತಿ ಎಂದದ್ದು ನಿನ್ನ ಅತ್ತೆ, ಕಬ್ಬಿಣ ಎಂದದ್ದು ನಾನು. ಮುದುಕಿಯರಿಬ್ಬರೂ ಕುರುಡರಾದೆವು. ಅವನು ಅಳುವುದು ಹಠದಿಂದಲ್ಲ, ನೋವಿನಿಂದ.

ಡಾಕ್ಟರನ್ನು ಮತ್ತೆ ಕೇಳಿದೆ. ಹುಡುಗ ಎಲ್ಲರ ಹಾಗೆ ಓಡುತ್ತಾನೆಯೇ ಎಂದೆ. ಹೇಳಲಾರೆ ಎಂದಳು. ಈ ಬಿಗಿ ಪೂರ್ತಿ ಹೋಗುವಂಥದ್ದಲ್ಲವಂತೆ. ದಿನಾ ಕಾಲು ಎಳೆದು ಸಡಿಲಿಸಿ, ಕೂರುವುದು ಕಲಿಸಿ, ಮುಷ್ಟಿ ಬಿಡಿಸಿದರೆ ಕೋಲು ಹಿಡಿದಾದರೂ ತನ್ನ ಕೆಲಸ ತಾನು ಮಾಡಿಕೊಳ್ಳುವ ಹಾಗೆ ಆಗಬಹುದಂತೆ. ಬಿಟ್ಟರೆ ಬಂಡ್ರಿ ಹುಡುಗನ ಹಾಗೆ ಗಂಟು ಬೀಳುತ್ತದೆ. ಸಿಹಿ ಮಾಡಿ ಹೇಳಲು ನನಗೆ ಬರುತ್ತದೆ ಎಂದು ನಿನಗೆ ಗೊತ್ತಾಗಿದೆ, ಅದಕ್ಕೇ ಇದನ್ನು ಇದ್ದ ಹಾಗೆ ಬರೆದಿದ್ದೇನೆ.

ಮೊಹರಮ್‌ಗೆ ಹುಡುಗನನ್ನು ನಿಲ್ಲಿಸಿದರೆ ಊರು ನೋಡುತ್ತದೆ, ಸಕ್ಕರೆ ತಿನ್ನುತ್ತದೆ, ಮನೆಗೆ ಹೋಗುತ್ತದೆ. ಆಮೇಲೆ ಅವನ ಕಾಲು ಯಾರೂ ಹೊರುವುದಿಲ್ಲ, ನೀನೇ ಹೊರಬೇಕು. ಹರಕೆಯನ್ನು ಅತ್ತೆ ನಿನ್ನ ಸೊಂಟದ ಮೇಲೆ ಕೂರಿಸಿಯೇ ತೀರಿಸಲಿ. ಎತ್ತಿಕೊಂಡು ಬಂದ ಮಕ್ಕಳನ್ನು ಅಲಾಯಿ ದೇವರು ಹಿಂದಕ್ಕೆ ಕಳಿಸಿದ್ದನ್ನು ನಾನು ಕಂಡಿಲ್ಲ. ಅತ್ತೆ ನಿನ್ನ ತಟ್ಟೆ ಬೇರೆ ಮಾಡಿದರೆ ಮಾಡಲಿ. ಇಲ್ಲಿ ನಿನ್ನ ತಟ್ಟೆ ಮೊಳೆಗೆ ತೂಗುಹಾಕಿದ್ದು ಹಾಗೇ ಇದೆ.

ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಬೇಡ. ಹೊಸಪೇಟೆಯಲ್ಲಿ ಸುನಿತಾ ಸಿಸ್ಟರ್ ಮನೆಯಲ್ಲಿ ಇಳಿ, ಅವಳಿಗೆ ಹೇಳಿದ್ದೇನೆ. ಇಲ್ಲಿಗೇ ಬರಬೇಕೆಂದೂ ಇಲ್ಲ. ರಾಯಚೂರಿಗೆ ಹೋಗು, ಎಲ್ಲಿಗಾದರೂ ಹೋಗು, ಇವತ್ತಿನಿಂದ ಹೋಗು. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಓಬಳಪ್ಪನ ಕೈಯಲ್ಲೇ ಕೊಡುತ್ತೇನೆ. ಬೈದುಕೊಂಡೇ ತೆಗೆದುಕೊಂಡು ಹೋಗಲಿ, ಆದರೆ ತಲುಪಿಸುತ್ತಾನೆ. ತಲುಪಲಿಲ್ಲ ಎನ್ನಲು ನಿನಗೆ ಬರಬಾರದು.

ನನಗೆ ಬರೆಯಲು ಇಷ್ಟವಿಲ್ಲದಿದ್ದರೆ ಸಿಸ್ಟರಿಗೆ ಬರೆ. ಎರಡೇ ಮಾತು ಸಾಕು, ಹಿಮ್ಮಡಿ ನೆಲ ಮುಟ್ಟುತ್ತದೆಯೋ ಇಲ್ಲವೋ, ಯಾವ ಗುರುವಾರ ಬರುತ್ತೀಯ.

ಜಂಬಮ್ಮ

ಡಿಸೆಂಬರ್ ಹದಿನೈದರೊಳಗೆ ಉತ್ತರ ಬರಬೇಕು.